ಹುರಿದ ಮಣ್ಣು

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ವೆರಾಂಡದಲ್ಲಿ ಕೂತಿದ್ದಾಗ ಮಹಡಿ ಮೇಲಿನ ಮನೆಯಿಂದ ಒಂದು ವಾಸನೆ ಇಳಿದು ಬಂತು. ಮೊದಲ ಮಳೆ ಬಿದ್ದ ನೆಲದ ಹಾಗೆ ಹಿತವಾಗಿ ಶುರುವಾಗಿ, ಕೂದಲು ಸುಟ್ಟ ಹಾಗೆ ಮುಗಿಯುವ ವಾಸನೆ. ಬೇರೆಯವರಾಗಿದ್ದರೆ ಗ್ಯಾಸಿನವನಿಗೆ ಫೋನ್ ಮಾಡುತ್ತಿದ್ದರೇನೋ. ನನಗೆ ಮಾತ್ರ ತಕ್ಷಣ ಗೊತ್ತಾಯಿತು, ಯಾರೋ ಮಣ್ಣು ಹುರಿಯುತ್ತಿದ್ದಾರೆ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಹನ್ನೆರಡು ವರ್ಷದ ಹಿಂದೆ ಇದೇ ಮನೆಯಲ್ಲಿ, ರವೆ ಹುರಿಯುವ ಬಾಣಲೆಯಲ್ಲಿ, ನಾನೂ ಮಣ್ಣು ಹುರಿದವಳು. ಅದೂ ವಿಜ್ಞಾನದ ಟೀಚರ್ ಆಗಿದ್ದುಕೊಂಡು.

ನಮ್ಮ ಮನೆ ಇರುವುದು ಆರ್‌ಪಿಸಿ ಲೇಔಟಿನಲ್ಲಿ. ನನ್ನ ಅತ್ತೆ ಮದುವೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲ ಇತ್ತಂತೆ. ಹೊಲ ಸೈಟಾಗಿ, ಸೈಟು ಮನೆಯಾಗಿ, ಕೊನೆಗೆ ಬರಿ ನೆಲ ಅಂತ ಉಳಿದದ್ದು ನಮ್ಮ ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರಡಿ ಅಗಲದ ಪಟ್ಟಿ. ಅತ್ತೆ ಅದನ್ನು ಹೊಲ ಎಂದೇ ಕರೆಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಲಕ್ಕೆ ಹೋಗಿ ಬರ್ತೀನಿ ಎಂದು ಗಂಭೀರವಾಗಿ ಹೇಳಿ, ನಾಲ್ಕು ಹೆಜ್ಜೆ ಇಟ್ಟು ಹೊಲ ತಲುಪುತ್ತಿದ್ದರು.

ಆ ಹೊಲದಲ್ಲಿ ಒಂದು ಕರಿಬೇವಿನ ಮರ, ದೊಡ್ಡಪತ್ರೆ, ಗೋಡೆ ಹತ್ತಿದ ಬಸಳೆ, ಮತ್ತೆ ದನಗಳಿದ್ದ ಕಾಲದ ಒಂದು ಕಲ್ಲುಬಾನಿ. ದನ ಹೋದ ಮೇಲೆ ಬಾನಿಯಲ್ಲಿ ಅತ್ತೆ ಸಣ್ಣ ಮೀನು ಬಿಟ್ಟಿದ್ದರು, ಸೊಳ್ಳೆ ಮರಿ ತಿನ್ನಲಿ ಎಂದು. ಬಾನಿಯನ್ನು ಎಂದೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಹೊಸ ನೀರಿಗೆ ದಾರಿ ತೋರಿಸಲು ಒಂದಿಷ್ಟು ಹಳೇ ನೀರು ಇರಬೇಕು, ಹಾಲಿಗೆ ಹೆಪ್ಪು ಇದ್ದ ಹಾಗೆ, ಎನ್ನುತ್ತಿದ್ದರು. ಬಿಸಿನೀರನ್ನಂತೂ ನೆಲಕ್ಕೆ ಚೆಲ್ಲಲು ಬಿಡುತ್ತಿರಲಿಲ್ಲ. ಅನ್ನ ಬಸಿದ ಗಂಜಿ ಕೂಡ ಆರಿ ತಣ್ಣಗಾದ ಮೇಲೇ ಕರಿಬೇವಿನ ಬುಡ ಸೇರಬೇಕು. ನೆಲದಲ್ಲಿ ಇರುವವರಿಗೆ ಸುಡುತ್ತದಂತೆ.

ನೆಲದಲ್ಲಿ ಇರುವವರು ಎಂದರೆ ಮುಖ್ಯವಾಗಿ ಎರೆಹುಳ. ಶಾಲೆಯಲ್ಲಿ ನಾನು ಎರೆಹುಳ ರೈತನ ಮಿತ್ರ ಎಂದು ಬೋರ್ಡಿನ ಮೇಲೆ ಬರೆಸಿ ಮಕ್ಕಳಿಂದ ಹೇಳಿಸುತ್ತಿದ್ದೆ. ಮನೆಯಲ್ಲಿ ಆ ಮಿತ್ರ ಬಚ್ಚಲ ಬಾಗಿಲಿಗೆ ಬಂದರೆ ಸ್ಟೂಲ್ ಹತ್ತುತ್ತಿದ್ದೆ. ಮಳೆಗಾಲದ ಕೆಸರು, ಇರುವೆ, ಒಂದು ಸಲ ಚಪ್ಪಲಿಯೊಳಗೆ ಕಪ್ಪೆ, ಇವೆಲ್ಲ ಸೇರಿ ನನ್ನ ತಾಳ್ಮೆ ಮುಗಿದಿತ್ತು. ಗಂಡನ ಸ್ಕೂಟರಿಗೂ ಜಾಗ ಬೇಕಿತ್ತು. ಪಟ್ಟಿಗೆ ಕಾಂಕ್ರೀಟ್ ಸುರಿದು ಪಾರ್ಕಿಂಗ್ ಟೈಲ್ಸ್ ಹಾಕಿಸುವುದೆಂದು ನಾವಿಬ್ಬರೂ ತೀರ್ಮಾನ ಮಾಡಿ, ಟೈಲ್ಸಿನವನಿಗೆ ಭಾನುವಾರ ಬರಲು ಹೇಳಿಬಿಟ್ಟೆವು. ಸುದ್ದಿ ತಿಳಿಸಿದಾಗ ಅತ್ತೆ ಜಗಳ ಆಡಲಿಲ್ಲ. ಕರಿಬೇವು ಏನು ಮಾಡ್ತೀಯ ಎಂದರು. ಕೊತ್ತಂಬರಿ ಜೊತೆ ಅಂಗಡಿಯವನು ಸುಮ್ಮನೆ ಕೊಡ್ತಾನಲ್ಲ ಎಂದೆ. ಅವರು ಎದ್ದು ಹೊಲಕ್ಕೆ ಹೋದರು, ಆ ದಿನ ಬಹಳ ಹೊತ್ತು ಬರಲಿಲ್ಲ.

ಅದೇ ವಾರದ ಶನಿವಾರ, ಬಸವೇಶ್ವರನಗರದ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ನನ್ನ ಪಾಲಿಗೆ ಬಂದ ವಿಷಯ ನೆಲದ ಮತ್ತು ನೀರಿನ ಬಯೋಮ್‌ಗಳು. ಬಯೋಮ್ ಎಂದರೆ ಹೆದರಬೇಡಿ. ಕಾಡು, ಮರುಭೂಮಿ, ಕೆರೆ, ಕಡಲು, ಹೀಗೆ ಒಂದೊಂದು ಹವೆಗೆ ಒಗ್ಗಿಕೊಂಡ ಗಿಡ, ಪ್ರಾಣಿ, ಮಣ್ಣು, ನೀರುಗಳ ಕೂಡುಕುಟುಂಬ ಅಷ್ಟೇ. ಪ್ರತಿ ವರ್ಷ ಥರ್ಮಾಕೋಲ್ ಮರುಭೂಮಿಯಲ್ಲಿ ಪ್ಲಾಸ್ಟಿಕ್ ಒಂಟೆ ನಿಲ್ಲಿಸಿ ಮುಗಿಸುತ್ತಿದ್ದೆ. ಆ ಸಲ ಒಬ್ಬ ನಿವೃತ್ತ ಪ್ರೊಫೆಸರ್ ಅತಿಥಿಯಾಗಿ ಬರುವವರಿದ್ದರು, ನಿಜವಾದ್ದೇ ಏನಾದರೂ ಇಡಿ ಎಂದು ಹೆಡ್‌ಮಿಸ್ ಹಟ ಹಿಡಿದರು. ಸರಿ, ಎರಡು ಗಾಜಿನ ತೊಟ್ಟಿ. ಒಂದರಲ್ಲಿ ನಮ್ಮ ಪಟ್ಟಿಯ ಮಣ್ಣು, ದೊಡ್ಡಪತ್ರೆ. ಇನ್ನೊಂದರಲ್ಲಿ ನೀರು, ಬಾನಿಯ ಐದು ಮೀನು. ಮುಂದೆ ಒಂದು ಚಾರ್ಟು: ಸಜೀವ ಕಾಲಮ್ಮಿನಲ್ಲಿ ಗಿಡ, ಮೀನು, ನಿರ್ಜೀವ ಕಾಲಮ್ಮಿನಲ್ಲಿ ಮಣ್ಣು, ನೀರು, ಗಾಳಿ, ಬಿಸಿಲು.

ಶುಕ್ರವಾರ ಸಂಜೆ ಡಬ್ಬಿಯಲ್ಲಿ ತಂದ ಮಣ್ಣನ್ನು ನೋಡಿದರೆ ಅದರ ತುಂಬ ಸಂಸಾರ. ಇರುವೆ, ಮುಟ್ಟಿದರೆ ಸುರುಳಿ ಸುತ್ತುವ ಒನಕೆಹುಳ, ಹೆಸರೇ ಗೊತ್ತಿಲ್ಲದ ಬಿಳಿ ಚುಕ್ಕಿಗಳು. ನಾಳೆ ಪ್ರೊಫೆಸರ್ ಎದುರು ನಿರ್ಜೀವ ಕಾಲಮ್ಮಿನಿಂದ ಒಂದು ಹುಳ ಎದ್ದು ಬಂದರೆ ನನ್ನ ಮರ್ಯಾದೆ ಏನಾಗಬೇಕು? ಮಣ್ಣು ನಿರ್ಜೀವ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಾಗಿತ್ತು. ಚಾರ್ಟಿಗೆ ಸರಿಯಾಗಿ ಮಣ್ಣನ್ನು ತಿದ್ದುವುದಷ್ಟೇ ಬಾಕಿ ಇತ್ತು. ಬಾಣಲೆ ಇಟ್ಟೆ. ಪಕ್ಕದ ಒಲೆಯಲ್ಲಿ, ನೀರೂ ಶುದ್ಧವಾಗಿರಲಿ ಎಂದು, ಎರಡು ಪಾತ್ರೆ ನೀರು ಕುದಿಸಲು ಇಟ್ಟೆ.

ಅತ್ತೆ ವಾಸನೆಗೆ ಬಂದು ಬಾಗಿಲಲ್ಲಿ ನಿಂತರು. ಬಾಣಲೆ ನೋಡಿದರು, ನನ್ನ ಕೈಯ ಸೌಟು ನೋಡಿದರು.

"ಈರುಳ್ಳಿ ಹೆಚ್ಚಿಕೊಡ್ಲಾ?" ಎಂದರು.

ಅರ್ಥವಾಗದೆ, ಯಾಕೆ ಎಂದೆ.

"ಉಪ್ಪಿಟ್ಟಿಗೆ."

ಅಷ್ಟು ಹೇಳಿ ಹೋಗಿಬಿಟ್ಟರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಇನ್ನೂ ಹತ್ತು ನಿಮಿಷ ಹುರಿದೆ.

ಬೆಳಿಗ್ಗೆ ಶಾಲೆಯಲ್ಲಿ, ಬಾಟಲಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿ ತಂದಿದ್ದ ಕಾದಾರಿದ ನೀರಿಗೆ ಮೀನು ಬಿಟ್ಟೆ. ಸ್ವಲ್ಪ ಹೊತ್ತಿಗೆ ಐದೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಆಗ ನೆನಪಾಯಿತು: ನೀರು ಕುದಿಸಿದರೆ ಅದರೊಳಗಿನ ಗಾಳಿ ಹೊರಟುಹೋಗುತ್ತದೆ, ಮೀನು ಉಸಿರಾಡುವುದು ಆ ಗಾಳಿಯನ್ನೇ. ಎಂಟನೇ ಕ್ಲಾಸಿಗೆ ವರ್ಷ ವರ್ಷವೂ ಹೇಳಿಕೊಡುತ್ತಿದ್ದ ಪಾಠ. ಮನೆಗೆ ಫೋನ್ ಮಾಡಿದರೆ ಎತ್ತಿದ್ದು ಅತ್ತೆ. ಅಳುವ ದನಿಯಲ್ಲಿ ಎಲ್ಲ ಒದರಿದೆ. ಅವರು ಹ್ಞೂಂ ಎಂದು ಇಟ್ಟರು. ನಾನು ಜ್ಯೂಸ್ ಕುಡಿಯುವ ಸ್ಟ್ರಾ ಹಿಡಿದು ತೊಟ್ಟಿಯೊಳಗೆ ಗುಳುಗುಳು ಊದುತ್ತ ನಿಂತೆ. ಮಕ್ಕಳು ಅದೂ ಪ್ರಯೋಗದ ಭಾಗವೆಂದು ನೋಟ್ಸ್ ಬರೆದುಕೊಂಡರು.

ಅರ್ಧ ಗಂಟೆಗೆ ಗೇಟಿನ ಹತ್ತಿರ ಗಲಾಟೆ. ಸೊಂಟದಲ್ಲಿ ಸ್ಟೀಲ್ ಬಿಂದಿಗೆ, ಕೈಯಲ್ಲಿ ಮಣ್ಣಿನ ಬಕೆಟ್ ಹಿಡಿದು ಅತ್ತೆ ಆಟೋದಿಂದ ಇಳಿದಿದ್ದರು. ಏನದು ಎಂದು ವಾಚ್‌ಮನ್ ತಡೆದರೆ, ಕೆರೆ ತಂದಿದೀನಿ ಬಾಗಿಲು ತೆಗಿ ಅಂದರಂತೆ. ಬಂದವರು ಬಾನಿಯ ಹಳೇ ನೀರನ್ನು ಮೆಲ್ಲಗೆ ಹುಯ್ದರು. ಒಂದು ಮೀನು ಹೋಗಿಬಿಟ್ಟಿತ್ತು, ನಾಲ್ಕು ಚೇತರಿಸಿಕೊಂಡವು. ಹುರಿದ ಮಣ್ಣನ್ನು ಹೊರಗೆ ಸುರಿದು ಹಸಿ ಮಣ್ಣು ತುಂಬುವಷ್ಟರಲ್ಲಿ ಪ್ರೊಫೆಸರ್ ಬಂದೇಬಿಟ್ಟರು. ಅವರು ಬಗ್ಗಿ ನೋಡುವುದಕ್ಕೂ ದೊಡ್ಡಪತ್ರೆಯ ಬುಡದಿಂದ ರೈತನ ಮಿತ್ರ ತಲೆ ಎತ್ತುವುದಕ್ಕೂ ಸರಿಹೋಯಿತು. ಅವರು ಚಾರ್ಟು ನೋಡಿದರು, ಹುಳ ನೋಡಿದರು, ನಕ್ಕು, ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅತ್ತೆಯನ್ನು, ಮಣ್ಣಿಗೆ ಜೀವ ಇದೆಯೇನಮ್ಮ ಎಂದು ಕೇಳಿದರು.

"ಅದೆಲ್ಲ ನನ್ನ ಸೊಸೆಗೆ ಗೊತ್ತು ಸಾರ್, ಓದಿರೋಳು" ಎಂದರು ಅತ್ತೆ. "ನಂಗೊತ್ತಿರೋದು ಇಷ್ಟೇ. ನಾಳೆ ಟೈಲ್ಸ್ ಹಾಕ್ತಾರೆ. ಆಮೇಲೆ ಇರಲ್ಲ."

ಚುಚ್ಚಿ ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಅವರು ಹವಾಮಾನ ಹೇಳಿದ ಹಾಗೆ ಹೇಳಿದರು. ಮುಚ್ಚಿಹೋಗಲಿರುವ ಹೊಲದಿಂದ, ಅದನ್ನು ಮುಚ್ಚಿಸಲು ಹೊರಟವಳ ಮಾನ ಉಳಿಸಲು, ಬಿಂದಿಗೆ ಹೊತ್ತು ಬಂದಿದ್ದರು. ನನಗೆ ತುಂಬ ನಾಚಿಕೆಯಾಯಿತು. ಕಾರಿಡಾರಿಗೆ ಹೋಗಿ ಟೈಲ್ಸಿನವನಿಗೆ ಫೋನ್ ಮಾಡಿ ಬರಬೇಡ ಎಂದೆ. ಮಾಲು ಇಳಿಸಾಗಿದೆ ಮೇಡಂ ಎಂದ. ನಮ್ಮ ಬಚ್ಚಲ ಗೋಡೆಗೆ ಇವತ್ತಿಗೂ ಪಾರ್ಕಿಂಗ್ ಟೈಲ್ಸ್ ಏಕಿದೆ ಎಂದು ನೆಂಟರು ಕೇಳುತ್ತಾರೆ, ಕಾರಣ ಇದು. ವಾಪಸ್ಸು ಬರುವಾಗ ಆಟೋದಲ್ಲಿ ಅತ್ತೆಗೆ ವಿಷಯ ಹೇಳಿದೆ. ಅವರು, ಬಿಂದಿಗೆ ಶಾಲೆಯಲ್ಲೇ ಬಿಟ್ಟುಬಂದೆವೆಂದು ಆಟೋ ತಿರುಗಿಸಿದರು.

ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಹೊಲ ಇದೆ, ಸ್ಕೂಟರ್ ಬೀದಿಯಲ್ಲಿ ನಿಲ್ಲುತ್ತದೆ. ಎರೆಹುಳಕ್ಕೆ ಈಗ ನಾನು ಸ್ಟೂಲ್ ಹತ್ತುವುದಿಲ್ಲ, ಸ್ವಲ್ಪ ಸರಿದು ನಿಲ್ಲುತ್ತೇನೆ ಅಷ್ಟೇ. ಕೆಂಗೇರಿಯಿಂದ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಹೊಸ ಹುಡುಗಿ ನಿನ್ನೆ ತುಳಸಿ ಪಾಟಿಗೆ ಮಣ್ಣು ಕೇಳಿದಳು. ಒಂದು ಡಬ್ಬಿ ಕೊಟ್ಟೆ. ಹುಳ ಇರಲ್ಲ ಅಲ್ವಾ ಆಂಟಿ ಎಂದು ಕೇಳಿದ್ದಳು. ಆಗಲೇ ನನಗೆ ಹೊಳೆಯಬೇಕಿತ್ತು.

ಕಾಫಿ ಲೋಟ ಇಟ್ಟು ಮೆಟ್ಟಿಲು ಹತ್ತಿದೆ. ಮಣ್ಣಿನ ಒಂದು ಚಿಟಿಕೆಯಲ್ಲಿ ಎಷ್ಟು ಜೀವಗಳಿರುತ್ತವೆ ಎಂಬ ಪೂರ್ತಿ ಪಾಠ ಬಾಯಲ್ಲಿ ಸಿದ್ಧವಿತ್ತು. ಬಾಗಿಲು ತೆರೆದೇ ಇತ್ತು. ಹುಡುಗಿ ಸೌಟು ಹಿಡಿದು, ಕಳ್ಳಿಯ ಹಾಗೆ ನನ್ನ ಕಡೆ ತಿರುಗಿದಳು.

"ಈರುಳ್ಳಿ ಹೆಚ್ಚಿಕೊಡ್ಲಾ?" ಎಂದೆ.

"ಯಾಕೆ ಆಂಟಿ?"

 ಕೈ ಚಾಚಿ ಒಲೆ ಆರಿಸಿದೆ. ಖಾಲಿ ಡಬ್ಬಿ ತಗೊಂಡು ಬಾ, ಹೊಲಕ್ಕೆ ಹೋಗಿ ಬರೋಣ ಎಂದೆ.