ಚಿರತೆ ತಿನ್ನದ ಹೋತ

ನನ್ನ ಮಗ ಜಿಂಕೆ ಹೊಡೆದಿರಲಿಲ್ಲ. ಹರಕೆಯ ಹೋತ ಕಡಿದು, ಜಿಂಕೆ ಎಂದು ಹೇಳಿ ಪೇಟೆಯವರಿಗೆ ಬಡಿಸಿದ. ಆದದ್ದು ಇಷ್ಟೆ.

ಮೊಮ್ಮಗಳಿಗೆ ಜ್ವರ ಬಿಡದೆ ಕಾಡಿದಾಗ, ಗುಣವಾದರೆ ಹೋತ ಒಪ್ಪಿಸುತ್ತೇನೆಂದು ಊರ ಅಮ್ಮನಿಗೆ ಹರಕೆ ಹೊತ್ತವಳು ನಾನು. ಮಗು ಎದ್ದು ಓಡಾಡಿತು. ನಮ್ಮ ಕರಿ ಆಡಿನ ಗಂಡುಮರಿಯೊಂದರ ಕಿವಿ ಚೂರು ಕತ್ತರಿಸಿ ಹರಕೆಗೆಂದು ಬಿಟ್ಟೆ. ಅದು ಬೆಳೆದು ಹೋತವಾಯಿತು. ಒಂದು ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯಲ್ಲಿ ಹಗ್ಗ ಮಾತ್ರ ಇತ್ತು.

"ಚಿರತೆ ಎಳ್ಕಂಡು ಹೋತು ಅವ್ವ, ಕಣ್ಣಾರೆ ಕಂಡೆ" ಎಂದ ಮಗ. "ಅಮ್ಮನೇ ಬಂದು ತನ್ನದು ತಗಂಡ್ಲು ಅಂತ ತಿಳ್ಕ. ಹರಕೆ ಸಂದ್ತು."

ನಮ್ಮಲ್ಲಿ ಹಾಗೆ ಹೇಳುವುದುಂಟು. ನಂಬಿದೆ. ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆ.

ಹೆಗ್ಗರಣೆಯ ಕಡೆ ಜಲಪಾತ ನೋಡಲು ಬರುವವರಿಗೆ ಮಗ ಅಡುಗೆ ಮಾಡಿ ಹಾಕುತ್ತಾನೆ. ಉಂಡವನೊಬ್ಬ ಜಿಂಕೆ ತಿಂದೆನೆಂದು ಮೊಬೈಲಿನಲ್ಲಿ ಹಾಕಿದನಂತೆ. ಅರಣ್ಯ ಇಲಾಖೆಯವರು ಬಂದು ಫ್ರಿಜ್ಜಿನಲ್ಲಿ ಉಳಿದ ಮಾಂಸವನ್ನೂ ಮಗನನ್ನೂ ಒಯ್ದರು. ಆಡಿನದು ಎಂದನಂತೆ. ಅವರು ನಂಬಲಿಲ್ಲ. ಮಾಂಸ ಲ್ಯಾಬಿಗೆ ಹೋಯಿತು, ಮಗ ಜಾಮೀನಿನ ಮೇಲೆ ಮನೆಗೆ ಬಂದ. ಸೊಸೆ ಸರಿಯಾಗಿ ಉಂಡದ್ದನ್ನು ಆ ದಿನಗಳಲ್ಲಿ ನಾನು ಕಾಣಲಿಲ್ಲ.

ಕೊನೆಗೆ ಅರಣ್ಯ ಇಲಾಖೆಯ ಗಾರ್ಡ್ ಬಂದು ಜಗಲಿ ಮೇಲೆ ಮಗನ ಪಕ್ಕ ಕೂತ. "ನಿಮ್ಮ ಮಗ ಬಚಾವ್, ಅಜ್ಜಿ. ಡಿಎನ್‌ಎಯಲ್ಲಿ ಆಡು ಅಂತ ಬಂತು."

"ಚೂರು ಮಾಂಸದಲ್ಲಿ ಎಂತ ಕಾಣ್ತದೆ?"

"ಕುಲ ಕಾಣ್ತದೆ. ಜಿಂಕೆ, ಆಡು ಎಲ್ಲ ಹಿಂದೊಂದು ಕಾಲಕ್ಕೆ ಒಂದೇ ಬಳಗ. ಬೇರೆ ಆದ ಮೇಲೆ ಒಂದೊಂದರದ್ದು ಒಂದೊಂದು ಗುರುತು. ಅದನ್ನ ತಾಳೆ ನೋಡ್ತಾರೆ."

"ಯಾರ ಆಡು ಅಂತ ಹೇಳ್ತದಾ?"

ಅವನು ನಕ್ಕ. "ತಾಯಿ ಆಡಿನ ರಕ್ತ ಕೊಡಿ, ಅದರ ಮರಿಯೋ ಅಲ್ಲವೋ ಅದನ್ನೂ ಹೇಳ್ಬಹುದು."

ನಾನು ಕೊಟ್ಟಿಗೆಗೆ ಹೋಗಿ ಕರಿ ಆಡನ್ನು ಅಂಗಳಕ್ಕೆ ಎಳೆದು ತಂದೆ. ಹಾಗೇ ಸುಮ್ಮನೆ ತಂದದ್ದು. ಮಗ ಎದ್ದು ನಿಂತ.

"ಅದೆಲ್ಲ ಎಂತಕ್ಕೆ ಅವ್ವ. ಕಟ್ಟು ಅದನ್ನ."

ರಕ್ತ ಬೇಕಾಗಲಿಲ್ಲ, ಅವನ ಮುಖವೇ ಸಾಕಾಯಿತು. ಗಾರ್ಡ್ ಚಾ ಕುಡಿದು ಹೋದ.

"ಚಿರತೆಗೆ ಮೀಸೆ ಇತ್ತನಾ?" ಎಂದೆ, ಮಗನ ಮೀಸೆ ನೋಡುತ್ತ.

"ಹೆಂಗೂ ಕಡಿಯೋದೇ ಆಗಿತ್ತಲ್ಲ."

"ಅಮ್ಮನಿಗೆ. ನಿನ್ನ ಗಿರಾಕಿಗಲ್ಲ."

ಸೊಸೆಗೆ ಮಾತ್ರ ಜೀವ ಬಂದಿತ್ತು. ಮಗ ಜೈಲಿಗೆ ಹೋಗುವುದಿಲ್ಲವೆಂಬುದು ನನಗೂ ಸಮಾಧಾನವೇ. ಆದರೆ ಹರಕೆ ಸಂದಿರಲಿಲ್ಲ, ಸಂದಿತೆಂದು ಕಾಯಿ ಒಡೆಸಿ ಬಂದಿದ್ದೆ. ಸಂಜೆ ಮೊಮ್ಮಗಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಮುಟ್ಟಿದೆ.

ಮರುದಿನ ಬೆಳಿಗ್ಗೆ ಕರಿ ಆಡಿನ ಇನ್ನೊಂದು ಗಂಡುಮರಿಯನ್ನು ಹಿಡಿದು ಕಿವಿ ಚೂರು ಕತ್ತರಿಸಿದೆ. ಕೊಟ್ಟಿಗೆಯಲ್ಲಿ ಕಟ್ಟಲಿಲ್ಲ. ಚೀಲದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿ, ಕೋಲಸಿರ್ಸಿಯ ಮಗಳ ಮನೆಯಲ್ಲಿ ಬಿಟ್ಟು ಬಂದೆ.