ಬೀಳುವುದಕ್ಕೆ ಕೊಂಡ ಬೂಟು

ಹೊಸ ಚಪ್ಪಲಿ ಕಚ್ಚುತ್ತದೆ ಎಂದು ನಾವೆಲ್ಲ ದೂರುತ್ತೇವೆ. ಕಚ್ಚುವ ಜೀವಿಗಳಾದ ನಾಯಿ, ಹಾವು, ಚೇಳುಗಳ ಸಾಲಿಗೆ ಪಾದರಕ್ಷೆಯನ್ನೂ ಸೇರಿಸಿದ ನಮ್ಮ ಭಾಷೆಯ ಸೂಕ್ಷ್ಮದೃಷ್ಟಿಗೆ ನಾನು ತಲೆಬಾಗುತ್ತೇನೆ. ರಕ್ಷೆಯೆಂದು ಹೆಸರಿಟ್ಟುಕೊಂಡು ಭಕ್ಷಣೆಗೆ ಇಳಿಯುವ ವಸ್ತು ಬೇರೆ ಯಾವುದಿದೆ? ಆದರೆ ನನ್ನ ಜೀವಮಾನದಲ್ಲಿ ನಾನು ಕೊಂಡ ಮೊದಲ ಬೂಟು ನನ್ನನ್ನು ಕಚ್ಚಲೇ ಇಲ್ಲ. ಕಚ್ಚುವುದಕ್ಕಾದರೂ ಅದಕ್ಕೆ ನನ್ನ ಕಾಲು ಸಿಗಬೇಕಲ್ಲ. ದೊಡ್ಡ ಛತ್ರದಲ್ಲಿ ಒಬ್ಬನೇ ತಂಗಿದ ಯಾತ್ರಿಕನಂತೆ, ಯಾವ ಗೋಡೆಗೆ ಒರಗಿಕೊಳ್ಳಬೇಕೆಂದು ತಿಳಿಯದೆ, ನನ್ನ ಪಾದ ಅದರೊಳಗೆ ಅಲೆದಾಡುತ್ತಿತ್ತು.

ಆ ಬೂಟನ್ನು ಕೊಂಡದ್ದು ನಡೆಯುವುದಕ್ಕಲ್ಲ, ವಿಮಾನದಿಂದ ಬೀಳುವುದಕ್ಕೆ. ಇದನ್ನು ಹೇಳಿದಾಗ ಈಗಲೂ ಕೇಳುವವರ ಹುಬ್ಬು ಮೇಲೇರುತ್ತದೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ಅರವತ್ತರ ದಶಕದ ನಡುಭಾಗ. ನಾನು ಕುಮಟೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಗಡಿಯಲ್ಲಿ ಯುದ್ಧವಾಗಿ ಹೋದ ಮೇಲೆ ಕಾಲೇಜು ಹುಡುಗರಿಗೆಲ್ಲ ಕವಾಯತು ಕಡ್ಡಾಯವಾಗಿತ್ತು. ಅವರನ್ನು ಸಾಲಾಗಿ ನಿಲ್ಲಿಸುವ ಹೊಣೆ ಯಾರಾದರೊಬ್ಬ ಮಾಸ್ತರರ ಮೇಲೆ ಬೀಳಬೇಕಿತ್ತು. ಉಳಿದವರೆಲ್ಲ ಚುರುಕಾಗಿ ಪಕ್ಕಕ್ಕೆ ಸರಿದದ್ದರಿಂದ ನನ್ನ ಮೇಲೆ ಬಿತ್ತು. ಅದು ನನ್ನ ಪತನಪರ್ವದ ಆರಂಭವೆಂದು ಆಗ ತಿಳಿದಿರಲಿಲ್ಲ. ಒಂದು ದಿನ ತರಗತಿಯಲ್ಲಿ, ಬೀಳುವ ವಸ್ತು ಗಾಳಿಯ ತಡೆಯಿಂದಾಗಿ ಹೇಗೆ ಒಂದು ಸ್ಥಿರವೇಗವನ್ನು ತಲುಪುತ್ತದೆ ಎಂದು ವಿವರಿಸುತ್ತ, ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಇಳಿಯುವುದೂ ಆಳೆತ್ತರದ ಗೋಡೆಯಿಂದ ಹಾರುವುದೂ ನೆಲದ ದೃಷ್ಟಿಯಲ್ಲಿ ಹೆಚ್ಚುಕಡಿಮೆ ಒಂದೇ ಎಂದು ಬಹಳ ಠೀವಿಯಿಂದ ಸಾರಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, “ಸರ್, ನೀವು ಹಾರಿದ್ದೀರಾ?” ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ಗದರಿಸಿ ಪಾರಾಗುತ್ತಿದ್ದೆ. ಅವನು ನಿಜವಾಗಿಯೂ ತಿಳಿಯಬಯಸಿದ್ದ. ಆ ದಿನ ಹಾರಿಕೆಯ ಉತ್ತರ ಕೊಟ್ಟೆ. ಮುಂದಿನ ತಿಂಗಳು ಕವಾಯತಿನ ಮೇಲಧಿಕಾರಿಗಳು ಆಗ್ರಾದಲ್ಲಿ ಪ್ಯಾರಾಚೂಟು ತರಬೇತಿಗೆ ಯಾರು ಬರುತ್ತೀರಿ ಎಂದು ಕೇಳಿದಾಗ, ಆ ಹುಡುಗನ ಮುಖ ಕಣ್ಣೆದುರು ಬಂದು, ನಾನು ಹೂಂ ಎಂದೆ. ಕನ್ನಡದಲ್ಲಿ ಹಾರುವುದೆಂದರೆ ನೆಗೆಯುವುದೂ ಹೌದು, ಆಕಾಶದಲ್ಲಿ ಸಾಗುವುದೂ ಹೌದು. ಮೇಲಾಗಿ ನಾನು ಹುಟ್ಟಿನಿಂದಲೇ ಹಾರುವರವನು. ಇಷ್ಟೆಲ್ಲ ಅರ್ಥಗಳು ಜೊತೆಗಿರುವಾಗ ಧೈರ್ಯವೂ ಹಿಂದಿನಿಂದ ಬಂದೀತೆಂದು ನಂಬಿದ್ದೆ.

ಧೈರ್ಯಕ್ಕಿಂತ ಮೊದಲು ಬಂದದ್ದು ಸೂಚನೆ: ಗಟ್ಟಿ ಅಟ್ಟೆಯ ಬೂಟು, ಅಂಗಿ ಚಣ್ಣ ಎರಡೂ ಒಂದಾಗಿರುವ ದಪ್ಪಬಟ್ಟೆಯ ಡಾಂಗರಿ, ಕಾಲಿನ ಗಂಟಿಗೆ ಸುತ್ತುವ ಪಟ್ಟಿ, ಇವನ್ನು ತಾವೇ ತರತಕ್ಕದ್ದು. ಪ್ಯಾರಾಚೂಟು ಮಾತ್ರ ಅವರೇ ಕೊಡುತ್ತಾರಂತೆ. ಅಷ್ಟು ಔದಾರ್ಯಕ್ಕೆ ಕೃತಜ್ಞನಾದೆ.

ಕುಮಟೆಯ ಅಂಗಡಿಗಳಲ್ಲಿ ಅಂಥ ಬೂಟು ಸಿಗಲಿಲ್ಲ. ಭಟ್ಕಳದಲ್ಲಿ ಇಸ್ಮಾಯಿಲ್ ಸಾಹೇಬರೆಂಬ, ಪಕ್ಕದ ಜಾಲಿ ಎಂಬ ಊರಿನ ವ್ಯಾಪಾರಿಯೊಬ್ಬರು ಬೊಂಬಾಯಿಯಿಂದ ಮಿಲಿಟರಿಯವರು ಮಾರಿದ ಸಾಮಾನು ತರಿಸುತ್ತಾರೆಂದು ಯಾರೋ ಹೇಳಿದರು. ಹೊನ್ನಾವರದವರೆಗೆ ಬಸ್ಸು, ಅಲ್ಲಿ ಲಾಂಚಿನಲ್ಲಿ ಶರಾವತಿಯನ್ನು ದಾಟಿ ಮತ್ತೊಂದು ಬಸ್ಸು ಹಿಡಿದು ಅವರ ಅಂಗಡಿಗೆ ಹೋದೆ. ಅಂಗಡಿಯೊಳಗೆ ಕ್ಯಾನ್ವಾಸಿನ ಚೀಲ, ನೀರಿನ ಡಬ್ಬಿ, ಹಗ್ಗದ ಸುರುಳಿಗಳ ನಡುವೆ ಬೂಟುಗಳ ಒಂದು ರಾಶಿಯಿತ್ತು. ಸಾಹೇಬರು ಬಿಳಿಗಡ್ಡದ, ನಿಧಾನದ ಮನುಷ್ಯ.

“ಮಾಸ್ತರೇ, ಇದು ನಡಿಯೂಕಾ, ಗುಡ್ಡ ಹತ್ತೂಕಾ?” ಎಂದು ಕೇಳಿದರು.

“ಬೀಳಲಿಕ್ಕೆ,” ಎಂದೆ.

ಅವರು ಬೂಟನ್ನು ನನ್ನ ಕೈಯಿಂದ ಮೆಲ್ಲನೆ ಹಿಂತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ನಾನು ಎಲ್ಲವನ್ನೂ ವಿವರಿಸಿದೆ. ಅವರು ಒಳಗಿದ್ದ ತಮ್ಮನನ್ನು ಕರೆದು ತಮ್ಮ ಮನೆಮಾತಾದ ನವಾಯತಿಯಲ್ಲಿ ಅದನ್ನೇ ವಿವರಿಸಿದರು. ತಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದ.

“ನಾನು ಈ ಅಂಗಡಿಲಿ ಎಂತೆಂತದ್ದೋ ಮಾರಿದೆ,” ಎಂದರು ಸಾಹೇಬರು. “ಬೀಳೂಕೆ ಅಂತ ಕೇಳ್ಕೊಂಡು ಬಂದವ್ರು ನೀವೊಬ್ರೇ. ಯಾವ್ದು ಕೊಡ್ಬೇಕು ಅಂತ ನಂಗೂ ಗೊತ್ತಾಗೂದಿಲ್ಲ.”

ಆಯ್ಕೆಯ ಕಷ್ಟವನ್ನು ರಾಶಿಯೇ ನಿವಾರಿಸಿತು. ಅದರಲ್ಲಿದ್ದ ಬೂಟುಗಳೆಲ್ಲ ಯಾವುದೋ ಭೀಮಕಾಯದ ಪಡೆಗೆ ಹೊಲಿದವು. ಇದ್ದುದರಲ್ಲಿ ಚಿಕ್ಕದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ, ಮೊದಲು ನಾನು ಹೊರಡುತ್ತಿದ್ದೆ, ಬೂಟು ಆಮೇಲೆ ಹೊರಡುತ್ತಿತ್ತು. “ದೊಡ್ಡದಾದ್ರೆ ಎಂತ ಆತು? ಅಷ್ಟು ಎತ್ತರದಲ್ಲಿ ಯಾರು ನೋಡ್ತಾರೆ?” ಎಂದು ಸಾಹೇಬರು ಸಮಾಧಾನ ಹೇಳಿದರು. ಡಾಂಗರಿಯನ್ನೂ ಪಟ್ಟಿಗಳನ್ನೂ ಕಟ್ಟಿಕೊಟ್ಟು, ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದು, “ಇಳಿದು ಬಂದ ಮೇಲೆ ಒಂದು ಸುದ್ದಿ ಕೊಡಿ. ಇಲ್ಲಾಂದ್ರೆ ನಂಗೆ ಇದೇ ಯೋಚನೆ ಆಗ್ತದೆ,” ಎಂದರು.

ಮನೆಯಲ್ಲಿ ನನ್ನ ಹೆಂಡತಿ ಗೌರಿ ಬೂಟನ್ನು ಜಗಲಿಯಿಂದೀಚೆಗೆ ಬರಗೊಡಲಿಲ್ಲ. ಚರ್ಮದ ವಸ್ತು ಒಳಗೆ ಬರಬಾರದೆಂಬುದು ನೆಪವೆಂದು ನನಗೆ ಗೊತ್ತಿತ್ತು.

“ಇದು ಯಾರದ್ದು?” ಎಂದು ಕೇಳಿದಳು.

ನನ್ನದೇ ಎಂದೆ.

“ನಿಂಗ್ಳ ಕಾಲು ಯಾವಾಗ ಇಷ್ಟು ದೊಡ್ಡಾತು?” ಎಂದಳು. ಆಮೇಲೆ ಬಹಳ ಹೊತ್ತು ಅಕ್ಕಿ ಆರಿಸುತ್ತ ಕುಳಿತು, ತಲೆಯೆತ್ತದೆ ಕೇಳಿದಳು: “ಬೀಳದು ಕಲಿಯಲೆ ಆಗ್ರಾಕ್ಕೆ ಹೋಗವಾ? ಅಪ್ಪಯ್ಯ ಬಿದ್ದನಲಾ, ಅಂವ ಯಾರ ಹತ್ರ ಕಲ್ತಿದ್ದ?”

ಗೌರಿಯ ತಂದೆ, ಎಂದರೆ ನನ್ನ ಮಾವ, ಕರ್ಕಿಯಲ್ಲಿದ್ದರು. ಅವಳು ಚಿಕ್ಕವಳಿದ್ದಾಗ, ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸಲು ಹತ್ತಿದ್ದವರು ಜಾರಿ ಅಂಗಳಕ್ಕೆ ಬಿದ್ದಿದ್ದರು. ಅಂದಿನಿಂದ ಅವರ ಎಡಗಾಲು ನೆಟ್ಟಗಾಗಲಿಲ್ಲ. ಆ ಬೀಳುವಿಕೆಯ ಬಗ್ಗೆ ಅವರ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾವನಂತೂ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಪತನವೆಂದರೆ ನನಗೆ ಕಪ್ಪುಹಲಗೆಯ ಮೇಲಿನ ಒಂದು ಸಮೀಕರಣ. ಗೌರಿಗೆ ಅದು ಅಂಗಳದಲ್ಲಿ ಆದ ಸಂಗತಿ. ಈ ಅಂತರ ನನಗೆ ಆ ದಿನ ಹೊಳೆಯಿತು. ಹೊಳೆದ ಮೇಲೆ ಏನು ಮಾಡಬೇಕೆಂದು ಮಾತ್ರ ಹೊಳೆಯಲಿಲ್ಲ. ಹೋಗುವುದಿಲ್ಲ ಎನ್ನಲು ನಾಚಿಕೆ, ಹೋಗುತ್ತೇನೆ ಎನ್ನಲು ಭಯ. ಎರಡರ ನಡುವೆ ಬೂಟು ಹಾಕಿಕೊಂಡು ಅಭ್ಯಾಸಕ್ಕೆ ತೊಡಗಿದೆ.

ಸೂಚನೆಯ ಜೊತೆಗೇ ಬಂದಿದ್ದ ಅಭ್ಯಾಸದ ಸೂತ್ರಗಳೂ ನನ್ನ ಗೊಂದಲವನ್ನು ಹೆಚ್ಚಿಸಿದವು. ಕಾಲುಗಳನ್ನು ಬಿಗಿಯಾಗಿ ಜೋಡಿಸಬೇಕು, ಆದರೆ ಮೈ ಸಡಿಲವಾಗಿರಬೇಕು; ಕೆಳಗೆ ನೋಡಕೂಡದು, ಆದರೆ ನೆಲ ಬಂದದ್ದು ತಿಳಿಯಬೇಕು; ನೆಲ ಮುಟ್ಟಿದೊಡನೆ ನಿಲ್ಲಲು ಯತ್ನಿಸದೆ ಪಕ್ಕಕ್ಕೆ ಉರುಳಬೇಕು. ನಿಲ್ಲುವುದಕ್ಕೆಂದೇ ಇಷ್ಟು ವರ್ಷ ಪಾಡುಪಟ್ಟ ಮನುಷ್ಯನಿಗೆ ಉರುಳು ಎನ್ನುವುದು ಸುಲಭದ ಉಪದೇಶವಲ್ಲ. ಬೆಳಿಗ್ಗೆ ಕುಮಟೆಯ ಕಡಲತೀರದ ಮರಳಿನಲ್ಲಿ ನಾನು ಡಾಂಗರಿ ತೊಟ್ಟು ಹಾರಿ ಉರುಳುತ್ತಿದ್ದರೆ, ಬಲೆ ಎಳೆಯಲು ಬಂದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಒಬ್ಬ ಮುದುಕ ಹತ್ತಿರ ಬಂದು, “ಎಂತ ಕಳೀತು ಮಾಸ್ತರೇ?” ಎಂದು ಕೇಳಿ, ನಾನು ಏನೂ ಇಲ್ಲವೆಂದರೂ ನಂಬದೆ, ಅತ್ತಿತ್ತ ಮರಳು ಕೆದಕಿ ಹುಡುಕಾಡಿದ.

ಹೊರಡುವ ಮುಂಚಿನ ಭಾನುವಾರ ಗೌರಿಯೊಡನೆ ಕರ್ಕಿಗೆ ಹೋದೆ. ಮಾವನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಊಟವಾದ ಮೇಲೆ ಎಲೆಯಡಿಕೆಯ ಕವಳ ಹಾಕಿಕೊಂಡು, ಬಾಗಿಲ ಕಡೆ ನೋಡುತ್ತ ಕುಳಿತವರು ಇದ್ದಕ್ಕಿದ್ದಂತೆ ಕೇಳಿದರು: “ಯಾವ ಕಾಲು ಮೊದ್ಲು ಊರವು ಹೇಳಿ ಹೇಳಿಕೊಡ್ತ?”

“ಎರಡೂ ಒಟ್ಟಿಗೇ ಊರಬೇಕಂತೆ,” ಎಂದೆ.

“ಒಟ್ಟಿಗೇಯಾ,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. “ಯಂಗೆ ಅದು ಗೊತ್ತಿತ್ತಿಲ್ಲೆ. ಆನು ಎಡಗಾಲು ಮೊದ್ಲು ಊರಿದ್ದೆ,” ಎಂದರು.

ಗೌರಿ ಒಳಬಾಗಿಲಲ್ಲಿ ಕೊಡಪಾನ ಹಿಡಿದು ನಿಂತಿದ್ದವಳು ಹಾಗೆಯೇ ನಿಂತುಬಿಟ್ಟಳು. ಅಪ್ಪ ಬಿದ್ದದ್ದರ ಬಗ್ಗೆ ಆ ಮನೆಯಲ್ಲಿ ಅಷ್ಟು ವರ್ಷಗಳಲ್ಲಿ ಅವಳು ಕೇಳಿದ ಮೊದಲ ಮಾತು ಅದು. ಮಾವ ನನ್ನ ಕಡೆ ತಿರುಗಿ, “ಒಂದ್ಸಲ ಮಾಡಿ ತೋರ್ಸಿ ಕಾಂಬ,” ಎಂದರು. ನಾನು ಜಗಲಿಯ ಅಂಚಿನಿಂದ ಅಂಗಳಕ್ಕೆ ಹಾರಿ, ಕಲಿತಂತೆ ಉರುಳಿ, ಪಂಚೆಗೆಲ್ಲ ಮಣ್ಣು ಮಾಡಿಕೊಂಡು ಎದ್ದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. “ಉರುಳಿರೆ ಆತು, ಅಲ್ದಾ?” ಎಂದು ಕೇಳಿ, ಕಾಲು ನೀವಿಕೊಳ್ಳುತ್ತ, ಮತ್ತೆ ಬಾಗಿಲ ಕಡೆ ನೋಡತೊಡಗಿದರು. ನಾನು ಅವರಿಗೆ ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಧೊಪ್ಪನೆ ಸದ್ದಾಯಿತು. ತೆಂಗಿನಕಾಯಿ ಬಿದ್ದಿರಬೇಕೆಂದುಕೊಂಡೆ. ಮತ್ತೆ ಅದೇ ಸದ್ದು. ಹೋಗಿ ನೋಡಿದರೆ, ಗೌರಿ ಸೀರೆಯನ್ನು ಕಚ್ಚೆ ಕಟ್ಟಿ, ನನ್ನ ಬೂಟು ತೊಟ್ಟು, ಪಾಗಾರದ ಮೇಲೆ ನಿಂತಿದ್ದಳು. ನಮ್ಮ ಹಿತ್ತಲಿನ ಪಾಗಾರ ಎದೆಯೆತ್ತರದ ಕಲ್ಲಿನ ಗೋಡೆ. ಆಚೆಮನೆಯ ಕೊಂಕಣಿ ಅಮ್ಮ ಒಗೆದ ಬಟ್ಟೆ ಹೆಗಲಿಗೆ ಹಾಕಿಕೊಂಡು ನಿಶ್ಚಲವಾಗಿ ನಿಂತಿದ್ದರು.

“ನೋಡ್ತಾ ನಿಲ್ಲಡಿ, ಬದಿಗೆ ಸರೀರಿ,” ಎಂದಳು ಗೌರಿ. ಹಾರಿದಳು. ಎರಡು ಕಾಲೂ ಒಟ್ಟಿಗೆ ನೆಲ ಮುಟ್ಟಿದವು. ಮೈ ಪಕ್ಕಕ್ಕೆ ಉರುಳಿತು. ನಾನು ಅಷ್ಟು ದಿನ ಮರಳಿನಲ್ಲಿ ಹೊರಳಾಡಿ ಗಳಿಸದ ಲಾಲಿತ್ಯ ಅದರಲ್ಲಿತ್ತು. ಅವಳು ಎದ್ದು ಮಣ್ಣು ಕೊಡವಿಕೊಂಡು, ಬೂಟು ಬಿಚ್ಚಿ ಒಳಗೆ ಕೈಯಾಡಿಸಿದಳು.

“ಹಿಮ್ಮಡಿ ಒಳಗೇ ಏಳ್ತು. ಹಿಂಗೇ ಹಾರಿರೆ ಕಾಲು ತಿರುಗ್ತು. ಹಳೇ ಸೀರೆ ಮಡಚಿ ಕೂರ್ಸವು,” ಎಂದಳು.

ಇದೆಲ್ಲ ನಿನಗೆ ಯಾಕೆ ಬೇಕಿತ್ತು ಎಂದು ಕೇಳಿದೆ.

“ಹೋಪದು ನಿಂಗ. ಕಾಯ್ತಾ ಕೂರದು ಆನು,” ಎಂದಳು. “ಎಂತಕ್ಕೆ ಕಾಯ್ತಾ ಇದ್ದೆ ಹೇಳಿ ಯಂಗೂ ಗೊತ್ತಾಗಡ್ದಾ?”

ಅಂದು ಮಧ್ಯಾಹ್ನ ಅವಳು ಹಳೆಯ ಹತ್ತಿ ಸೀರೆಯೊಂದನ್ನು ಹರಿದು, ಪದರ ಪದರವಾಗಿ ಮಡಿಸಿ ಹೊಲಿದು, ಬೂಟಿನೊಳಗೆ ಎರಡು ಮೆತ್ತೆಗಳನ್ನು ಕೂರಿಸಿದಳು. ಹೊಲಿಯುವುದಕ್ಕಾಗಿ ಬೂಟು ಜಗಲಿ ದಾಟಿ ನಡುಮನೆಗೆ ಬಂತು. ಅದನ್ನು ನಾವಿಬ್ಬರೂ ಗಮನಿಸದಂತೆ ನಟಿಸಿದೆವು.

ಆಗ್ರಾದಲ್ಲಿ ನನಗಾಗಿ ಒಂದು ವಿಸ್ಮಯ ಕಾದಿತ್ತು. ಅಲ್ಲಿನ ಉಗ್ರಾಣದಲ್ಲಿ ಬೂಟು, ಡಾಂಗರಿ, ಪಟ್ಟಿ ಎಲ್ಲವನ್ನೂ ಅಳತೆಗೆ ಸರಿಯಾಗಿ ಬಿಟ್ಟಿಯಾಗಿ ಕೊಡುತ್ತಿದ್ದರು. ತಾವೇ ತರತಕ್ಕದ್ದೆಂಬ ಸೂಚನೆಯನ್ನು ತೋರಿಸಿದೆ. ಅದೂ ಸರಿ, ಇದೂ ಸರಿ ಎಂದರು. ಅಳತೆಯ ಬೂಟು ಹಾಕಿಕೊಂಡರೆ ಅದು ಪಾದವನ್ನು ಅಪರಿಚಿತನ ಕೈಕುಲುಕಿನಂತೆ ಹಿಚುಕಿತು. ಕೊನೆಗೆ ಭಟ್ಕಳದ ಬೂಟನ್ನೇ ತೊಟ್ಟೆ. ನಮ್ಮನ್ನು ತಯಾರು ಮಾಡುತ್ತಿದ್ದ ಸಿಖ್ ಸುಬೇದಾರರು ಅದನ್ನು ಹಿಡಿದು ಬಲವಾಗಿ ಎಳೆದು ನೋಡಿದರು, ಬರಲಿಲ್ಲ. ಒಳಗೇನಿದೆ ಎಂದು ಕೇಳಿದರು. ಹೆಂಡತಿಯ ಸೀರೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಕ್ಷಣಕಾಲ ನನ್ನ ಮುಖ ನೋಡಿ, ತಲೆಯಾಡಿಸಿ, ಮುಂದಿನವನ ಕಡೆ ಹೋದರು.

ಹಾರಿದ್ದನ್ನು ವರ್ಣಿಸು ಎಂದರೆ ನಾನು ಸೋಲುತ್ತೇನೆ. ಬಾಗಿಲಲ್ಲಿ ನಿಂತಾಗ ಗಾಳಿಯ ಆರ್ಭಟ. ಆಮೇಲೆ ನಾನು ಹಾರಿದೆನೋ, ಯಾರಾದರೂ ನೂಕಿದರೋ, ಕಾಲೇ ಜಾರಿತೋ ಇವತ್ತಿಗೂ ನಿಶ್ಚಯವಿಲ್ಲ. ಮೈಯನ್ನು ಒಮ್ಮೆ ಜಗ್ಗಿದಂತಾಗಿ ತಲೆಯೆತ್ತಿದರೆ ಬಿಳಿಯ ಛತ್ರಿ ಅರಳಿತ್ತು. ನಂತರ ನಾನು ನಿರೀಕ್ಷಿಸಿರದ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಎಲ್ಲೋ ಕೆಳಗೆ ಒಂದು ನಾಯಿ ಬೊಗಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಥಿರವೇಗದ ಸಮೀಕರಣ ನೆನಪಿಗೆ ಬರಲಿಲ್ಲ. ನೆಲ ಮೊದಲು ಬಹಳ ನಿಧಾನವಾಗಿ, ಆಮೇಲೆ ಒಮ್ಮೆಲೇ ಬಂತು. ಎದ್ದಾಗ ನಾನು ಒಂದು ಕಡಲೆ ಹೊಲದ ಅಂಚಿನಲ್ಲಿದ್ದೆ. ಸುಬೇದಾರರು ಓಡಿಬಂದು, “ಠೀಕ್ ಹೋ?” ಎಂದು ಕೇಳಿದರೆ, ನನ್ನ ಬಾಯಿಂದ, “ಆತು, ಆತು,” ಎಂದು ಬಂತು.

ಊರಿಗೆ ಮರಳಿದ ಮೇಲೆ ಭಟ್ಕಳದ ಬಸ್ಸಿನ ಕಂಡಕ್ಟರನ ಮೂಲಕ ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ. ಕೇಳಿದವರಿಗೆಲ್ಲ ಒಂದು ಅಂದವಾದ ಕಥನವನ್ನು ಸಿದ್ಧಪಡಿಸಿ ಹೇಳುತ್ತಿದ್ದೆ. ಅದರಲ್ಲಿ ನನ್ನ ಧೈರ್ಯ ದಿನದಿನಕ್ಕೆ ವೃದ್ಧಿಸುತ್ತಿತ್ತು. ಗೌರಿ ಮಾತ್ರ ಏನನ್ನೂ ಕೇಳಿರಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಕೇಳಿದಳು.

“ವಿಮಾನದ ಬಾಗಿಲಲ್ಲಿ ನಿಂತಾಗ ಯಾರ ನೆನಪಾತು?”

ನಿನ್ನದೇ ಎನ್ನುವುದು ಪತಿಧರ್ಮ. ಆದರೆ ಅಪ್ಪನ ಕಾಲಿನ ಕಥೆಯನ್ನು ಅಷ್ಟು ತಡವಾಗಿ ಕೇಳಿಸಿಕೊಂಡವಳ ಎದುರು ಆ ಅಲಂಕಾರ ಬಾಯಿಗೆ ಬರಲಿಲ್ಲ. “ಯಾರದ್ದೂ ಆಜಿಲ್ಲೆ,” ಎಂದೆ. ಬೆನ್ನಿಗೆ ತಾಗುತ್ತಿದ್ದ ಹಿಂದಿನವನ ಮೊಣಕೈಯೊಂದೇ ನನ್ನ ಲೋಕವಾಗಿತ್ತೆಂದೂ ಹೇಳಿದೆ.

ಅವಳಿಗೆ ಬೇಸರವಾಗುತ್ತದೆಂದು ಕಾಯುತ್ತಿದ್ದೆ. ಅವಳು ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಂತೆ ಹಗುರವಾದಳು.

“ಪಾಗಾರದ ಮೇಲೆ ನಿಂತಾಗ ಯಂಗೂ ಯಾರ ನೆನಪೂ ಆಜಿಲ್ಲೆ,” ಎಂದಳು. “ಅಪ್ಪಯ್ಯಂದೂ ಆಜಿಲ್ಲೆ, ನಿಂಗ್ಳದ್ದೂ ಆಜಿಲ್ಲೆ. ಮೊದಲ್ನೇ ಸಲ ನಿಂಗ್ಳ ಸಲುವಾಗಿ ಹಾರಿದ್ದೆ. ಆಮೇಲಿಂದೆಲ್ಲ ಸುಮ್ನೇ ಹಾರಿದ್ದು. ಹೇಳಲೆ ನಾಚ್ಕೆ ಆಗಿತ್ತು.”

ಸಂತೋಷಪಡಬೇಕೋ, ನನ್ನನ್ನು ಮರೆತದ್ದಕ್ಕೆ ನೊಂದುಕೊಳ್ಳಬೇಕೋ ತಿಳಿಯದೆ ನಾನು ಅವಳ ಮುಖ ನೋಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಹೀಗೆ ತನ್ನಷ್ಟಕ್ಕೆ ಸುಮ್ಮನೆ ಖುಷಿಯಾಗಿರುವ ಗೌರಿಯನ್ನು ನಾನು ಭೇಟಿಯಾಗಿಯೇ ಇರಲಿಲ್ಲ. ಇನ್ನೂ ಬೆಳಕಿತ್ತು. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡು ಹಿತ್ತಲ ಕಡೆ ನಡೆದಳು; ನಾನೂ ಹಿಂದೆ ಹೋದೆ. ಅವಳು ಪಾಗಾರ ಹತ್ತುವಾಗ, ಬಿದ್ದುಗಿದ್ದಾಳೆಂದು ಕೈ ಚಾಚಿದೆ.

“ಬ್ಯಾಡ,” ಎಂದಳು. ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬದಿಗೆ ಸರಿದು ನಿಂತೆ.