ಕುರಿಗಳ ಹಳದಿ ಕಣ್ಣು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಲ್ಲಿ ಸಂಶೋಧನೆಗೆ ಕೂತಿದ್ದೆ. ತಾಮ್ರ ಬೇರೆ ಅಣುಗಳ ಜೊತೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದು ನನ್ನ ವಿಷಯ. ನಾನು ತಯಾರಿಸಿದ್ದನ್ನು ದೂರದ ಊರಿನ ಮಾಸ್ ಸ್ಪೆಕ್ಟ್ರೋಮೀಟರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಆ ಯಂತ್ರ ಅಣುಗಳನ್ನು ತೂಗಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ತಾಮ್ರದ ಪರಮಾಣುಗಳು ಎರಡು ತೂಕದವು, ಹಾಗಾಗಿ ತಾಮ್ರವಿದ್ದರೆ ಗೆರೆ ಜೋಡಿಯಾಗಿ ಬರುತ್ತದೆ: ಒಂದು ಎತ್ತರ, ಪಕ್ಕದ್ದು ಗಿಡ್ಡ.

ದಸರಾ ರಜೆಗೆ ಅಥಣಿ ಹತ್ತಿರದ ನಮ್ಮ ತೋಟಕ್ಕೆ ಬಂದಾಗ ಕೊಕಟನೂರ ಕಡೆಯ ಕುರಿ ಕಾಯುವ ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ದ್ರಾಕ್ಷಿ ಸಾಲಿನ ಹುಲ್ಲು ಮೇಯಿಸಲು ಅಪ್ಪನೇ ಪ್ರತಿ ವರ್ಷ ಅವನನ್ನು ಕರೆಯುತ್ತಿದ್ದ. ಕುರಿಗೆ ಮೇವು, ಬಳ್ಳಿಗೆ ಹಿಕ್ಕೆ ಗೊಬ್ಬರ.

"ಏಳು ಕುರಿ ಹೋದುವವ್ವಾ," ಅಂದ ಅಜ್ಜ. "ಕಣ್ಣು ಅರಿಷಿಣ ಹಚ್ಚಿದಂಗ ಆಕ್ಕಾವು, ಉಚ್ಚಿ ಕರ್ರಗ ಬರ್ತೈತಿ, ಎರಡ ದಿನದಾಗ ಬೀಳ್ತಾವು. ನಾ ಹರಕಿ ತಪ್ಪಿಸೀನಿ, ಎಲ್ಲವ್ವ ತಾಯಿ ಮುನದಾಳ ಅಂತ ನಮ್ಮಾಕಿ ಊಟ ಬಿಟ್ಟಾಳ."

ದನದ ಡಾಕ್ಟರು ವಿಷ ಎಂದಿದ್ದರು. ಯಾವ ವಿಷ ಎಂದು ಅವರಿಗೂ ತಿಳಿದಿರಲಿಲ್ಲ. ನಾನು ತೋಟಕ್ಕೆ ಹೋಗಿ ನೋಡಿದೆ. ಆ ವರ್ಷ ಮಳೆ ಹೆಚ್ಚು, ಬಳ್ಳಿಗೆ ರೋಗವೂ ಹೆಚ್ಚು. ಅಪ್ಪ ಮೇಲಿಂದ ಮೇಲೆ ಮೋರಚೂದ ಹೊಡೆಸಿದ್ದ. ಕೆಳಗಿನ ಹುಲ್ಲಿನ ಮೇಲೂ ಅದರ ನೀಲಿ ಕಲೆ. ಮೋರಚೂದವೆಂದರೆ ಮೈಲುತುತ್ತ, ತಾಮ್ರದ ಲವಣವೇ.

ಕುರಿಗಳನ್ನು ಅವತ್ತೇ ತೋಟದಿಂದ ಹೊರಗೆ ಹೊಡೆಸಿದೆ. ಒಂದು ಹಿಡಿ ಹುಲ್ಲು, ಡಾಕ್ಟರು ಕೊಟ್ಟ ಸತ್ತ ಕುರಿಯ ಲಿವರಿನ ತುಂಡು ಹಿಡಿದು ಧಾರವಾಡಕ್ಕೆ ಹೋಗಿ, ಎರಡನ್ನೂ ಆ ಯಂತ್ರಕ್ಕೆ ಅಂಚೆಯಲ್ಲಿ ಕಳಿಸಿದೆ. ನನ್ನ ಗೈಡು ಎಲ್ಲ ಕೇಳಿ, "ತಾಮ್ರ ಎಷ್ಟದ ಅನ್ನೋದು ಅರ್ಧ ಮಾತು. ಯಾವುದರ ಜೋಡಿ ಕೂಡೇದ ಅನ್ನೋದು ಉಳಿದರ್ಧ," ಅಂದರು. "ಹೊಟ್ಟ್ಯಾಗ ಮಾಲಿಬ್ಡಿನಮ್ ಅನ್ನೋ ಲೋಹ ಅದನ್ನ ಕಟ್ಟಿ ಹಾಕಿದ್ರ ರಕ್ತಕ್ಕ ಹೋಗೂದಿಲ್ಲ. ಡಾಕ್ಟರಿಗೆ ಬರೀರಿ." ಬರೆದೆ. ಅವರು ಮಾಲಿಬ್ಡಿನಮ್ಮಿನ ಲವಣ ತರಿಸಿ ಉಳಿದ ಕುರಿಗಳಿಗೆ ಕುಡಿಸತೊಡಗಿದರು.

ತಿಂಗಳಾದ ಮೇಲೆ ಯಂತ್ರದ ಕಾಗದ ಬಂತು. ಹುಲ್ಲಿನದರಲ್ಲೂ ಜೋಡಿ ಗೆರೆ, ಲಿವರಿನದರಲ್ಲೂ ಜೋಡಿ ಗೆರೆ, ಎರಡರಲ್ಲೂ ಇರಬೇಕಾದದ್ದಕ್ಕಿಂತ ಎಷ್ಟೋ ಎತ್ತರ. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಕುರಿಹಟ್ಟಿಗೆ ನಡೆದ. ನಾನೂ ಹಿಂದೆ ಹೋದೆ.

"ಕಾಕಾ, ಎಲ್ಲವ್ವ ಮುನದಿಲ್ಲ. ನಾ ಹೊಡಸಿದ ಮೋರಚೂದನ ನಿನ್ನ ಕುರಿ ತಿಂದಾವು. ತಪ್ಪು ನಂದೈತಿ," ಅಂದ ಅಪ್ಪ.

"ಗೊತ್ತಿದ್ದು ಹೊಡಸಿದ್ರೇನ್ರಿ, ಸಾವ್ಕಾರ್ರ?" ಅಂದ ಅಜ್ಜ. ಅವನ ಹೆಂಡತಿ ಮಾತ್ರ ನನ್ನ ಕೈ ಹಿಡಿದು, "ಖರೇ ಏನವ್ವಾ? ನನ್ನಿಂದ ಆಗಿಲ್ಲ ಹೌದಿಲ್ಲೋ?" ಎಂದು ಮತ್ತೆ ಮತ್ತೆ ಕೇಳಿದಳು. ನಿನ್ನಿಂದ ಆಗಿಲ್ಲ ಅಂದೆ. ಗಳಗಳ ಅತ್ತಳು.

ಮುಂದೆ ಮತ್ತೆರಡು ಕುರಿ ಸತ್ತವು, ಉಳಿದವು ಬದುಕಿದವು. ಅಪ್ಪ ಮರುವರ್ಷ ಕುರಿಗಳಿಗೆಂದೇ ಬಾವಿಯ ಮಗ್ಗಲಿನ ಹೊಲದಲ್ಲಿ ಮೇವಿನ ಜೋಳ ಬಿತ್ತಿದ.